ಟೈಟಾನಿಯಂ ಭಾಗದ ಲೇಪನ ಕೈಕೊಟ್ಟಾಗ ದೋಷದ ಮೂಲ ಹುಡುಕುವ ಬಗೆ

ಟೈಟಾನಿಯಂ ಬಿಡಿಭಾಗವೊಂದರ ಮೇಲ್ಮೈ ಸಂಸ್ಕರಣೆ ವಿಫಲವಾಗಿದೆ ಎಂದು ತಿಳಿದ ಕೂಡಲೇ ಬಹುತೇಕರು ಅದನ್ನು ಬಿಚ್ಚಿ, ಚೆನ್ನಾಗಿ ತೊಳೆದು, ಉಳಿದ ಲೇಪನವನ್ನು ಕೆರೆದು ತೆಗೆದು, ಹೊಸ ಲೇಪನಕ್ಕೆ ಕಳುಹಿಸಿಬಿಡುತ್ತಾರೆ. ಹೀಗೆ ಮಾಡಿದರೆ ದೋಷದ ಸಾಕ್ಷ್ಯವೆಲ್ಲ ಆಮ್ಲದ ತೊಟ್ಟಿಯಲ್ಲಿ ಕರಗಿಹೋಗುತ್ತದೆ, ಮೂಲ ಕಾರಣ ಮಾತ್ರ ಹಾಗೆಯೇ ಉಳಿಯುತ್ತದೆ. ಕೆಲವು ವಾರಗಳ ನಂತರ ಅದೇ ಜಾಗದಲ್ಲಿ ಅದೇ ದೋಷ ಮರುಕಳಿಸಿದಾಗ ಲೇಪನ ಹಾಕಿದವರನ್ನು ದೂರುವುದಷ್ಟೇ ದಾರಿಯಾಗುತ್ತದೆ. ನನ್ನ ಅನುಭವದಲ್ಲಿ ಲೇಪನದ ದೋಷವೆಂದು ಬಂದ ಭಾಗಗಳಲ್ಲಿ ಎಷ್ಟೋ ಭಾಗಗಳ ಲೇಪನ ಚೆನ್ನಾಗಿಯೇ ಇತ್ತು; ಕೆಟ್ಟಿದ್ದುದು ಅದರ ಕೆಳಗಿನ ಲೋಹ, ಅಥವಾ ಲೇಪನಕ್ಕೆ ಮೊದಲು ನಡೆದ ಯಾವುದೋ ಕೆಲಸ. ಆದ್ದರಿಂದ ಈ ಬರಹ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತದೆ: ಬಿಟ್ಟುಹೋದ ಪದರ ಯಾವ ಆಳದಿಂದ ಬಿಟ್ಟಿದೆ?

ಟೈಟಾನಿಯಂ ತುಕ್ಕು ಹಿಡಿಯುವುದಿಲ್ಲ ಎಂಬ ಹೆಸರು ಬಂದಿರುವುದು ಅದರ ಮೈಮೇಲೆ ತಾನಾಗಿಯೇ ಬೆಳೆಯುವ, ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆಯಿಂದ. ಆ ಪೊರೆ ರಾಸಾಯನಿಕ ದಾಳಿಯನ್ನು ತಡೆಯುತ್ತದೆಯೇ ಹೊರತು ಉಜ್ಜಾಟವನ್ನು ತಡೆಯಲಾರದು. ಎರಡು ಟೈಟಾನಿಯಂ ಮೇಲ್ಮೈಗಳು ಒತ್ತಡದಲ್ಲಿ ಜಾರಿದಾಗ ಪೊರೆ ಹರಿದು, ಬರಿ ಲೋಹಕ್ಕೆ ಬರಿ ಲೋಹ ಅಂಟಿಕೊಂಡು, ಒಂದರ ತುಣುಕು ಇನ್ನೊಂದಕ್ಕೆ ಕಿತ್ತುಬರುತ್ತದೆ. ಹೆಚ್ಚು ಬಳಕೆಯಲ್ಲಿರುವ ಗ್ರೇಡ್ 5 ಮಿಶ್ರಲೋಹ, ಅಂದರೆ ಶೇ. 6 ಅಲ್ಯೂಮಿನಿಯಂ ಮತ್ತು ಶೇ. 4 ವನೇಡಿಯಂ ಇರುವ ಲೋಹ, ವಿಕರ್ಸ್ ಮಾಪನದಲ್ಲಿ ಸುಮಾರು 350ರ ಗಡಸುತನ ಹೊಂದಿದ್ದರೂ ಈ ಗುಣದಿಂದ ಪಾರಾಗಿಲ್ಲ. ಆನೋಡೈಸಿಂಗ್ (ವಿದ್ಯುತ್ತಿನಿಂದ ಆಕ್ಸೈಡ್ ಪೊರೆ ಬೆಳೆಸುವುದು), ನೈಟ್ರೈಡಿಂಗ್ (ಬಿಸಿಯಲ್ಲಿ ಲೋಹದೊಳಕ್ಕೆ ಸಾರಜನಕ ಇಳಿಸುವುದು), ನಿರ್ವಾತ ಲೇಪನ, ಶಾಟ್ ಪೀನಿಂಗ್ (ಸಣ್ಣ ಗುಂಡುಗಳಿಂದ ಮೇಲ್ಮೈಯನ್ನು ಹೊಡೆಯುವುದು) ಮೊದಲಾದ ಸಂಸ್ಕರಣೆಗಳೆಲ್ಲ ಬೇಕಾಗಿರುವುದು ಈ ಕಾರಣಕ್ಕೇ, ಅಥವಾ ಪದೇಪದೇ ಭಾರ ಬೀಳುವುದರಿಂದ ಮೂಡುವ ಫಟೀಗ್ ಬಿರುಕನ್ನು ತಡೆಯುವುದಕ್ಕೆ. ಇವು ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ ಎಂಬುದನ್ನು ಆರಂಭದಲ್ಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಮುಟ್ಟುವ ಮೊದಲು

ಭಾಗವನ್ನು ಯಂತ್ರದಿಂದ ಬಿಚ್ಚುವಾಗಲೇ ಅದು ಯಾವ ದಿಕ್ಕಿಗೆ ಕೂತಿತ್ತು, ಯಾವ ಭಾಗಕ್ಕೆ ತಗುಲುತ್ತಿತ್ತು ಎಂಬುದನ್ನು ಗುರುತು ಹಾಕಿ ಛಾಯಾಚಿತ್ರ ತೆಗೆಯಬೇಕು. ಅದರ ಜೋಡಿ ಭಾಗವನ್ನೂ ಕಡ್ಡಾಯವಾಗಿ ಇಟ್ಟುಕೊಳ್ಳಬೇಕು, ಏಕೆಂದರೆ ಅರ್ಧ ಕಥೆ ಅದರ ಮೈಮೇಲೆ ಇರುತ್ತದೆ. ಸಂದಿಯಲ್ಲಿ ಪುಡಿ ಕಂಡರೆ ಒರೆಸದೆ ಸ್ವಚ್ಛ ಟೇಪಿಗೆ ಅಂಟಿಸಿ ತೆಗೆದಿಡಬೇಕು. ಉದುರಿದ ಚಕ್ಕೆ ಒಂದೇ ಒಂದು ಸಿಕ್ಕರೂ ಅದನ್ನು ಜೋಪಾನ ಮಾಡಬೇಕು. ಚಕ್ಕೆಯ ಮೇಲ್ಮುಖಕ್ಕಿಂತ ಅದರ ಬೆನ್ನು ಹೆಚ್ಚು ಹೇಳುತ್ತದೆ.

ಜೊತೆಗೆ ಭಾಗದ ಚರಿತ್ರೆ ಬೇಕು. ಯಾವ ಗ್ರೇಡ್, ಯಾವ ಕ್ರಮದಲ್ಲಿ ಯಂತ್ರಗೆಲಸ ನಡೆಯಿತು, ನಡುವೆ ಕುಲುಮೆಗೆ ಹೋಗಿತ್ತೇ, ಹೋಗಿದ್ದರೆ ಅದು ನಿರ್ವಾತ ಕುಲುಮೆಯೋ ಗಾಳಿಯ ಕುಲುಮೆಯೋ, ಆಮ್ಲದಲ್ಲಿ ಎಷ್ಟು ಹೊತ್ತು ಇತ್ತು, ಯಾವ ದ್ರಾವಕದಿಂದ ತೊಳೆದರು ಎಂಬ ವಿವರಗಳನ್ನು ಕೇಳಿ ಬರೆದುಕೊಳ್ಳಬೇಕು. ಕೆಲಸದ ಚೀಟಿಯಲ್ಲಿ ಇರಬೇಕಾದ ಕ್ರಮಕ್ಕೂ ನಿಜವಾಗಿ ನಡೆದ ಕ್ರಮಕ್ಕೂ ಎಷ್ಟೋ ಸಲ ವ್ಯತ್ಯಾಸ ಇರುವುದರಿಂದ ಕೆಲಸ ಮಾಡಿದವರನ್ನೇ ಸಮಾಧಾನದಿಂದ ಕೇಳುವುದು ಒಳ್ಳೆಯದು.

ಪದರ ಎಲ್ಲಿಂದ ಬಿಟ್ಟಿದೆ

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಮತ್ತು ಪಕ್ಕದಿಂದ ಓರೆಯಾಗಿ ಬೀಳುವ ಬೆಳಕು, ಇವೆರಡಿದ್ದರೆ ಅರ್ಧ ನಿದಾನ ಮುಗಿಯುತ್ತದೆ. ಚಕ್ಕೆ ಎದ್ದ ಗುಳಿಯ ತಳದಲ್ಲಿ ಲೇಪನಕ್ಕೆ ಮೊದಲಿನ ಹೊಳಪು ಅಥವಾ ಸಾಣೆಯ ಗೆರೆಗಳು ಹಾಗೇ ಕಾಣುತ್ತಿದ್ದರೆ ಲೇಪನ ಲೋಹಕ್ಕೆ ಹಿಡಿದೇ ಇರಲಿಲ್ಲ ಎಂದರ್ಥ. ಇಲ್ಲಿ ತಪ್ಪು ಶುಚಿಗೊಳಿಸುವಿಕೆಯಲ್ಲಿದೆ: ಎಣ್ಣೆಯ ಅಂಶ, ಪಾಲಿಶ್ ಮೇಣ, ಸಾಣೆಯ ಪುಡಿ, ಅಥವಾ ತೊಳೆದ ಮೇಲೆ ಹೆಚ್ಚು ಹೊತ್ತು ಇಟ್ಟಿದ್ದರಿಂದ ಬೆಳೆದ ಆಕ್ಸೈಡ್. ತೊಳೆದ ಭಾಗದ ಮೇಲೆ ಶುದ್ಧ ನೀರು ಒಡೆಯದ ಹಾಳೆಯಂತೆ ಹರಡಿ ನಿಲ್ಲುತ್ತದೆಯೇ, ಇಲ್ಲವೇ ಮುತ್ತುಗಳಾಗಿ ಒಡೆಯುತ್ತದೆಯೇ ಎಂದು ನೋಡುವ ಸರಳ ಪರೀಕ್ಷೆಯನ್ನು ಮಾಡಿದ್ದರೆ ಈ ದೋಷದ ಬಹುಪಾಲು ತೊಟ್ಟಿಯ ಬಳಿಯೇ ಸಿಕ್ಕಿಬೀಳುತ್ತಿತ್ತು.

ಗುಳಿಯ ತಳದಲ್ಲಿ ಇನ್ನೂ ಲೇಪನದ ಬಣ್ಣವೇ ಉಳಿದಿದ್ದರೆ ಲೇಪನ ತನ್ನೊಳಗೇ ಸೀಳಿದೆ. ಪದರ ಅತಿ ದಪ್ಪವಾಗಿದ್ದು ಒಳ ಒತ್ತಡ ಹೆಚ್ಚಿತ್ತು, ಅಥವಾ ಲೇಪಿಸುವಾಗ ಪ್ರಕ್ರಿಯೆ ನಡುವೆ ತಡೆದು ಮತ್ತೆ ಶುರುವಾಗಿತ್ತು ಎಂದು ಅನುಮಾನಿಸಬೇಕು. ನಿರ್ವಾತ ಕೋಣೆಯಲ್ಲಿ ಹಾಕುವ ಟೈಟಾನಿಯಂ ನೈಟ್ರೈಡ್ ಸಾಮಾನ್ಯವಾಗಿ 2ರಿಂದ 4 ಮೈಕ್ರಾನ್ ದಪ್ಪವಿರುತ್ತದೆ. ದಪ್ಪ ಹೆಚ್ಚಾದಷ್ಟೂ ಬಾಳಿಕೆ ಹೆಚ್ಚು ಎಂಬ ನಂಬಿಕೆ ಚೂಪು ಅಂಚುಗಳಲ್ಲಿ ಬೇಗ ಸುಳ್ಳಾಗುತ್ತದೆ.

ಚಕ್ಕೆ ಎದ್ದಿಲ್ಲ, ಆದರೆ ಭಾರ ಬಿದ್ದ ಜಾಗದಲ್ಲಿ ಲೇಪನ ತಗ್ಗಾಗಿ, ತಗ್ಗಿನ ಅಂಚಿಗೆ ಉಂಗುರದಂಥ ಸಣ್ಣ ಬಿರುಕುಗಳು ಮೂಡಿದ್ದರೆ ಅದು ಮೊಟ್ಟೆಯ ಚಿಪ್ಪಿನ ಪರಿಸ್ಥಿತಿ. ಮೇಲಿನ ಪದರ 2000 ವಿಕರ್ಸ್ ಮೀರಿ ಗಡಸಾಗಿದ್ದರೂ ಕೆಳಗಿನ ಲೋಹ ಮೆದುವಾಗಿದ್ದು ಭಾರಕ್ಕೆ ಕುಸಿದಿದೆ. ಟೈಟಾನಿಯಂ ಉಕ್ಕಿನಷ್ಟು ಬಿಗಿಯಾದ ಲೋಹವಲ್ಲ. ಅದರ ಸ್ಥಿತಿಸ್ಥಾಪಕಾಂಕ ಸುಮಾರು 114 ಗಿಗಾಪಾಸ್ಕಲ್, ಉಕ್ಕಿನದು 200ರ ಆಸುಪಾಸು. ಅದೇ ಭಾರಕ್ಕೆ ಇದು ಹೆಚ್ಚು ಬಾಗುತ್ತದೆ, ಪೆಡಸಾದ ಲೇಪನ ಆ ಬಾಗುವಿಕೆಯನ್ನು ಹಿಂಬಾಲಿಸಲಾರದು. ಇಂಥ ಕಡೆ ಇನ್ನೂ ಗಡಸಾದ ಲೇಪನ ಹುಡುಕುವುದು ವ್ಯರ್ಥ. ಮೊದಲು ನೈಟ್ರೈಡಿಂಗ್‌ನಿಂದ ಲೋಹದ ಮೇಲಿನ ಹತ್ತಾರು ಮೈಕ್ರಾನುಗಳನ್ನು ಗಡಸು ಮಾಡಿ, ಅದರ ಮೇಲೆ ತೆಳು ಲೇಪನ ಹಾಕುವ ಇಮ್ಮಡಿ ಸಂಸ್ಕರಣೆಯೇ ಇಲ್ಲಿ ಸರಿಯಾದ ದಾರಿ. ಚಕ್ಕೆಯೂ ಇಲ್ಲ, ಬಿರುಕೂ ಇಲ್ಲ, ಲೇಪನ ನಯವಾಗಿ ಸವೆದಿದೆ ಎಂದಾದರೆ ಅದನ್ನು ದೋಷ ಎನ್ನಲಾಗದು. ಅದು ಆಯಸ್ಸಿನ ಲೆಕ್ಕಾಚಾರದ ವಿಷಯ.

ಉಳಿದಿರುವುದು ಹೆಚ್ಚು ಮೋಸ ಮಾಡುವ ನಾಲ್ಕನೆಯ ಸ್ಥಿತಿ: ಚಕ್ಕೆಯ ಬೆನ್ನಿಗೆ ಲೋಹವೇ ಅಂಟಿಕೊಂಡು ಬಂದಿರುವುದು.

ತಳದ ಲೋಹವೇ ಪೆಡಸಾಗಿದ್ದರೆ

ಇದನ್ನು ನಾನು ಕಲಿತದ್ದು ಗ್ರೇಡ್ 5ರ ಒಂದು ತೋಳುಕೊಳವೆಯಿಂದ (ಸ್ಲೀವ್). ಅದಕ್ಕೆ ಹೊಂಬಣ್ಣದ ಟೈಟಾನಿಯಂ ನೈಟ್ರೈಡ್ ಹಾಕಲಾಗಿತ್ತು. ಕೊಳವೆಯ ಹೊರಮೈ ಮೇಲೆ ಒಂದು ಗೀರೂ ಇಲ್ಲ, ಆದರೆ ಬಾಯಂಚಿನಲ್ಲಿ ಮಾತ್ರ ಲೇಪನ ಸಾಸಿವೆ ಗಾತ್ರದ ಚಕ್ಕೆಗಳಾಗಿ ಎದ್ದಿತ್ತು. ಎರಡು ಸಲ ಮರುಲೇಪನವಾಗಿ, ಎರಡು ಸಲವೂ ಅಲ್ಲೇ ಎದ್ದು ಬಂದಿತ್ತು. ಲೇಪನದವರು ಅಂಚು ಚೂಪಾಗಿದೆ ಎಂದರು, ಅಂಚನ್ನು ದುಂಡಗೆ ಮಾಡಿದರೂ ಫಲ ಸಿಗಲಿಲ್ಲ. ಮೂರನೆಯ ಸಲ ಒಂದು ಚಕ್ಕೆಯನ್ನು ಚಿಮಟದಲ್ಲಿ ಹಿಡಿದು ತಿರುಗಿಸಿ ನೋಡಿದಾಗ ಅದರ ಬೆನ್ನು ಹೊನ್ನಿನ ಬಣ್ಣಕ್ಕೂ ಇರಲಿಲ್ಲ, ನಯವಾಗಿಯೂ ಇರಲಿಲ್ಲ. ಮುರಿದ ಸಕ್ಕರೆಯ ಹರಳಿನಂತೆ ಮಂಕು ಬೂದುಬಣ್ಣದಲ್ಲಿ ಮಿನುಗುತ್ತಿತ್ತು. ಲೇಪನ ಲೋಹವನ್ನು ಬಿಟ್ಟಿರಲಿಲ್ಲ, ಲೋಹವನ್ನೂ ಕಿತ್ತುಕೊಂಡು ಬಂದಿತ್ತು.

ಕೊಳವೆಯನ್ನು ಅಂಚಿನ ಬಳಿ ಅಡ್ಡಕ್ಕೆ ಕೊಯ್ದು, ರಾಳದಲ್ಲಿ ಕೂರಿಸಿ, ಪಾಲಿಶ್ ಮಾಡಿ, ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳ ದುರ್ಬಲ ಮಿಶ್ರಣವಾದ ಕ್ರಾಲ್ ದ್ರಾವಣದಿಂದ ಎಚ್ಚಿಂಗ್ ಮಾಡಿದಾಗ ಉತ್ತರ ಕಾಣಿಸಿತು. ಲೇಪನದ ಕೆಳಗೆ ಸುಮಾರು 15 ಮೈಕ್ರಾನ್ ದಪ್ಪದ ಬಿಳಿಯ ಪಟ್ಟಿಯೊಂದಿತ್ತು. ಒಳಗಿನ ಲೋಹದಲ್ಲಿ ಚುಕ್ಕೆಚುಕ್ಕೆಯಾಗಿ ಕಾಣುವ ಬೀಟಾ ಹಂತ (ಈ ಲೋಹದ ಎರಡು ಹರಳು ರೂಪಗಳಲ್ಲಿ ಒಂದು, ಇನ್ನೊಂದು ಆಲ್ಫಾ) ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. 25 ಗ್ರಾಂ ಭಾರದಲ್ಲಿ ಅಳೆದ ಸೂಕ್ಷ್ಮ ಗಡಸುತನ ಒಳಗೆ 350ರ ಹತ್ತಿರವಿದ್ದರೆ ಪಟ್ಟಿಯಲ್ಲಿ 600ರ ಹತ್ತಿರ ಬಂತು. ಇದನ್ನೇ ಆಲ್ಫಾ ಕೇಸ್ ಎನ್ನುತ್ತಾರೆ: ಟೈಟಾನಿಯಂ ಅನ್ನು ಗಾಳಿಯಲ್ಲಿ ಸುಮಾರು 550 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಿದಾಗ ಆಮ್ಲಜನಕ ಲೋಹದೊಳಕ್ಕೆ ಇಳಿದು, ಗಾಜಿನಂತೆ ಪೆಡಸಾದ ಪದರವನ್ನು ಉಂಟುಮಾಡುತ್ತದೆ. ಒರಟು ಯಂತ್ರಗೆಲಸದ ನಂತರ ಭಾಗವನ್ನು 700 ಡಿಗ್ರಿ ಮೀರಿದ ಗಾಳಿ ಕುಲುಮೆಯಲ್ಲಿ ಮೆತ್ತಗಾಗಿಸಿದ್ದರು. ಹೊರಮೈಯನ್ನು ಆಮೇಲೆ ಅಂತಿಮ ಅಳತೆಗೆ ಕಡೆದಾಗ ಪೆಡಸು ಪದರ ಅಲ್ಲಿಂದ ಹೋಗಿತ್ತು. ಬಾಯಂಚು ಮಾತ್ರ ಮೊದಲೇ ಅಳತೆಗೆ ಬಂದಿದ್ದರಿಂದ ಯಾರೂ ಅದನ್ನು ಮತ್ತೆ ಕಡೆದಿರಲಿಲ್ಲ. ದೋಷ ಅಂಚಿಗಷ್ಟೇ ಸೀಮಿತವಾಗಿದ್ದ ಒಗಟು ಅಲ್ಲಿಗೆ ಬಿಡಿಸಿದಂತಾಯಿತು.

ಬಿಸಿ ಮಾಡಿದ ಮೇಲೆ ಭಾಗದ ಮೇಲ್ಮೈಯಿಂದ ಪೆಡಸು ಪದರದ ಆಳಕ್ಕಿಂತ ಹೆಚ್ಚು ಲೋಹ ಎಲ್ಲ ಮುಖಗಳಿಂದಲೂ ಹೋಗಿದೆಯೇ ಎಂದು ಖಚಿತಪಡಿಸಿಕೊಳ್ಳದೆ ಲೇಪನಕ್ಕೆ ಕಳುಹಿಸಬಾರದು. ಮರಳು ಊದಿ ಹೊರಗಿನ ಕಂದು ಅಥವಾ ನೀಲಿ ಬಣ್ಣವನ್ನು ತೆಗೆದರೆ ಆಲ್ಫಾ ಕೇಸ್ ಹೋಯಿತು ಎಂದುಕೊಳ್ಳುವುದು ತಪ್ಪು. ಬಣ್ಣ ಆಕ್ಸೈಡಿನದು, ಪೆಡಸುತನ ಅದರ ಕೆಳಗಿನದು. ಒಳಗಿಳಿದ ಆಮ್ಲಜನಕವನ್ನು ಮತ್ತೆ ಕಾಯಿಸಿ ಹೊರಹಾಕಲು ಬರುವುದಿಲ್ಲ, ಆ ಲೋಹವನ್ನೇ ತೆಗೆಯಬೇಕು.

ನೈಟ್ರೈಡಿಂಗ್ ಮಾಡಿದ ಭಾಗಗಳಲ್ಲಿಯೂ ಇದಕ್ಕೆ ಹತ್ತಿರದ ದೋಷ ಕಾಣುತ್ತದೆ. ಅನಿಲ ನೈಟ್ರೈಡಿಂಗ್ 800ರಿಂದ 950 ಡಿಗ್ರಿಗಳ ನಡುವೆ ನಡೆಯುತ್ತದೆ, ಹೊಂಬಣ್ಣದ ತೆಳು ಸಂಯುಕ್ತ ಪದರವನ್ನೂ ಅದರ ಕೆಳಗೆ ಸಾರಜನಕ ಇಳಿದ ಆಳವಾದ ಪದರವನ್ನೂ ಕೊಡುತ್ತದೆ. ಭಾಗ ಏಕರೂಪದ ಹೊಂಬಣ್ಣದ ಬದಲು ಕಂದು, ನೇರಳೆ, ಬೂದು ಬಣ್ಣಗಳ ತೇಪೆಯಾಗಿ ಹೊರಬಂದರೆ ಕುಲುಮೆಯೊಳಗೆ ಆಮ್ಲಜನಕ ಅಥವಾ ತೇವ ಸೇರಿತ್ತು ಎಂದು ಮೊದಲು ಶಂಕಿಸಬೇಕು. ಬಣ್ಣ ಸರಿಯಿದ್ದೂ ಅಂಚು ಒಡೆದರೆ ಸಂಯುಕ್ತ ಪದರ ಅತಿಯಾಗಿದೆ.

ಥ್ರೆಡ್‌ಗಳು ಕಚ್ಚಿಕೊಂಡರೆ

ಬೋಲ್ಟು ಅರ್ಧಕ್ಕೆ ಬಿಗಿದು, ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ನಿಂತರೆ ಅದು ಗಾಲಿಂಗ್, ಅಂದರೆ ಆರಂಭದಲ್ಲಿ ಹೇಳಿದ, ಬರಿ ಲೋಹಕ್ಕೆ ಬರಿ ಲೋಹ ಅಂಟಿಕೊಳ್ಳುವ ದೋಷ. ಇಂಥ ದೂರುಗಳಲ್ಲಿ ಪದೇಪದೇ ಕಾಣುವ ತಪ್ಪು ಒಂದೇ: ಬಣ್ಣದ ಆನೋಡೈಸಿಂಗ್ ಮಾಡಿಸಿದ್ದೇವೆ, ಆದ್ದರಿಂದ ಸವೆತಕ್ಕೆ ರಕ್ಷಣೆ ಇದೆ ಎಂಬ ಭಾವನೆ. ಬಣ್ಣ ಕೊಡುವ ಆಕ್ಸೈಡ್ ಪದರ ಹತ್ತಾರು ನ್ಯಾನೊಮೀಟರಿನಿಂದ ಒಂದೆರಡು ನೂರು ನ್ಯಾನೊಮೀಟರಿನಷ್ಟು ಮಾತ್ರ ದಪ್ಪ. ಥ್ರೆಡ್‌ನ ಒತ್ತಡದಲ್ಲಿ ಅದು ಮೊದಲ ಸುತ್ತಿಗೇ ಹರಿಯುತ್ತದೆ. ಗಾಲಿಂಗ್ ತಡೆಯಲೆಂದೇ ಇರುವ ಆನೋಡೈಸಿಂಗ್ ಬೇರೆ. ಅದು ಮಂಕು ಬೂದುಬಣ್ಣ ಕೊಡುತ್ತದೆ, ವೈಮಾನಿಕ ನಿರ್ದಿಷ್ಟತೆ ಎಎಂಎಸ್ 2488ರಲ್ಲಿ ಅದಕ್ಕೆ ಎರಡನೆಯ ಬಗೆ ಎಂದು ಹೆಸರು. ಅದನ್ನು ಹಾಕಿದ ಮೇಲೂ ಮಾಲಿಬ್ಡಿನಮ್ ಡೈಸಲ್ಫೈಡ್‌ನಂಥ ಒಣ ಜಾರಕ ಇರಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಸಾಧ್ಯವಾದರೆ ಬೋಲ್ಟು ಮತ್ತು ನಟ್ಟು ಎರಡನ್ನೂ ಟೈಟಾನಿಯಂನಲ್ಲಿ ಮಾಡದಿರುವುದು ಇನ್ನೂ ಒಳ್ಳೆಯದು.

ಜಾರಕಕ್ಕಾಗಿ ಅಥವಾ ತುಕ್ಕು ತಡೆಯಲು ಕ್ಯಾಡ್ಮಿಯಂ ಲೇಪಿಸಿದ ನಟ್ಟನ್ನು ಟೈಟಾನಿಯಂ ಬೋಲ್ಟಿಗೆ ಹಾಕುವುದು ಮಾತ್ರ ಸರ್ವಥಾ ಕೂಡದು. ಒತ್ತಡ ಮತ್ತು ಬಿಸಿ ಸೇರಿದಾಗ ಕ್ಯಾಡ್ಮಿಯಂ ಟೈಟಾನಿಯಂ ಅನ್ನು ಬಿರುಕು ಬಿಡಿಸುತ್ತದೆ.

ಸಂದಿಯಲ್ಲಿ ಕಡು ಬೂದುಬಣ್ಣದ ನುಣ್ಣನೆಯ ಪುಡಿ ಸಿಕ್ಕಿದ್ದರೆ ಅದು ಗಾಲಿಂಗ್ ಅಲ್ಲ, ಫ್ರೆಟಿಂಗ್: ಬಿಗಿಯಾಗಿ ಕೂತ ಭಾಗಗಳು ಕಂಪನದಿಂದ ಕಣ್ಣಿಗೆ ಕಾಣದಷ್ಟು ಸರಿದಾಡಿ ಉಜ್ಜಿಕೊಂಡಿವೆ. ಅಂಥ ಜಾಗದ ಅಂಚಿನಲ್ಲಿ ಫಟೀಗ್ ಬಿರುಕು ಹುಟ್ಟುವ ಸಂಭವ ತುಂಬ ಹೆಚ್ಚಾದ್ದರಿಂದ ಬಿರುಕಿನೊಳಕ್ಕೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರವದ ಪರೀಕ್ಷೆ ಮಾಡದೆ ಭಾಗವನ್ನು ಮತ್ತೆ ಬಳಸಬಾರದು. ಜೆಟ್ ಎಂಜಿನ್ನಿನ ಫ್ಯಾನ್ ರೆಕ್ಕೆಗಳ ಬುಡಕ್ಕೆ ತಾಮ್ರ, ನಿಕಲ್, ಇಂಡಿಯಂ ಮಿಶ್ರಣವನ್ನು ಸಿಂಪಡಿಸುವುದು ಈ ಉಜ್ಜಾಟವನ್ನು ಮೆದುವಾದ ಪದರ ನುಂಗಿಕೊಳ್ಳಲಿ ಎಂದೇ.

ಆನೋಡೈಸಿಂಗ್ ಬಣ್ಣ ಕೆಟ್ಟರೆ

ಮೊದಲು ಒರೆಸಿ ನೋಡಬೇಕು. ಈ ಬಣ್ಣದಲ್ಲಿ ಬಣ್ಣದ ವಸ್ತುವೇ ಇಲ್ಲ. ಆಕ್ಸೈಡ್ ಪೊರೆಯ ಮೇಲ್ಮುಖ ಮತ್ತು ತಳದಿಂದ ಮರಳುವ ಬೆಳಕು ಒಂದರೊಡನೊಂದು ಬೆರೆತು ಅದನ್ನು ಮೂಡಿಸುತ್ತದೆ. ಬೆರಳಿನ ಎಣ್ಣೆಯ ತೆಳು ಪದರ ಕೂತರೂ ನೀಲಿ ಮಂಕಾಗಿ ಕಂದಿದಂತೆ ಕಾಣುತ್ತದೆ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದೊಡನೆ ಮರಳಿ ಬರುತ್ತದೆ. ಒರೆಸಿದರೂ ಬಾರದಿದ್ದರೆ ವೋಲ್ಟೇಜ್ ಕಡೆಗೆ ಹೋಗಬೇಕು. ಪೊರೆ ಪ್ರತಿ ವೋಲ್ಟಿಗೆ ಸುಮಾರು 2 ನ್ಯಾನೊಮೀಟರ್ ಬೆಳೆಯುತ್ತದೆ. 30 ವೋಲ್ಟಿನ ಹತ್ತಿರ ತಿಳಿನೀಲಿ, 55ರ ಹತ್ತಿರ ಹಳದಿ ಛಾಯೆ ಬರುತ್ತದೆ. ದ್ರಾವಣಕ್ಕೆ ಇಳಿಸುವ ಒಂದೇ ಚೌಕಟ್ಟಿನಲ್ಲಿದ್ದ ಭಾಗಗಳಲ್ಲಿ ಕೆಲವು ಮಾತ್ರ ಹಿಂದಿನ ಬಣ್ಣದಲ್ಲಿ ನಿಂತಿದ್ದರೆ ಅವುಗಳ ವಿದ್ಯುತ್ ಸಂಪರ್ಕ ಸಡಿಲವಾಗಿತ್ತು. ಚೌಕಟ್ಟು ಟೈಟಾನಿಯಂನದಾಗಿದ್ದರೆ ಅದರ ಮೇಲೂ ಪೊರೆ ಬೆಳೆದು ವಿದ್ಯುತ್ತನ್ನು ತಡೆಯುವುದರಿಂದ ಸಂಪರ್ಕದ ತುದಿಗಳನ್ನು ಪ್ರತಿ ಸಲವೂ ಕೆರೆಯಬೇಕು. ಬಣ್ಣದ ನಡುವೆ ಸೂಜಿಮೊನೆಯಂಥ ಗುಳಿಗಳಿದ್ದರೆ ದ್ರಾವಣದಲ್ಲಿ ಕ್ಲೋರೈಡ್ ಅಥವಾ ಫ್ಲೋರೈಡ್ ಸೇರಿದೆಯೇ ಎಂದು ಪರೀಕ್ಷಿಸಬೇಕು.

ಆಮ್ಲದ ತೊಟ್ಟಿಯ ಪಾಪ

ಲೇಪನಕ್ಕೆ ಮೊದಲು ಮಾಡುವ ಆಮ್ಲ ಸ್ನಾನದಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಲೋಹವನ್ನು ಕರಗಿಸುತ್ತದೆ, ನೈಟ್ರಿಕ್ ಆಮ್ಲ ಹೈಡ್ರೋಜನ್ ಒಳಹೋಗದಂತೆ ತಡೆಯುತ್ತದೆ. ಎರಡರ ಅನುಪಾತ 10ಕ್ಕೆ 1ರ ಆಸುಪಾಸಿನಲ್ಲಿ ನೈಟ್ರಿಕ್ ಕಡೆಗೆ ವಾಲಿರಬೇಕು. ತೊಟ್ಟಿ ಹಳೆಯದಾಗಿ ನೈಟ್ರಿಕ್ ಕುಗ್ಗಿದರೆ, ಅಥವಾ ಭಾಗವನ್ನು ಮರೆತು ಹೆಚ್ಚು ಹೊತ್ತು ಬಿಟ್ಟರೆ ಲೋಹ ಹೈಡ್ರೋಜನ್ ಹೀರಿಕೊಂಡು ಪೆಡಸಾಗುತ್ತದೆ. ಭಾಗ ನೋಡಲು ಚೆನ್ನಾಗಿಯೇ ಇರುತ್ತದೆ. ಜೋಡಿಸಿ ಬಿಗಿದ ಮೇಲೆ, ಕೆಲವೊಮ್ಮೆ ದಿನಗಳು ಕಳೆದು, ಹೆಚ್ಚಿನ ಭಾರವಿಲ್ಲದೆ ಮುರಿಯುವುದು ಇದರ ಲಕ್ಷಣ. ಅನುಮಾನ ಬಂದರೆ ಲೋಹದ ಹೈಡ್ರೋಜನ್ ಪ್ರಮಾಣವನ್ನು ಅಳೆಯಿಸಬೇಕು. ಗ್ರೇಡ್ 5ಕ್ಕೆ ಒಪ್ಪಿತ ಮಿತಿ ತೂಕದಲ್ಲಿ ಶೇ. 0.015. ಉಕ್ಕಿನ ಭಾಗಗಳನ್ನು 200 ಡಿಗ್ರಿಯ ಒಲೆಯಲ್ಲಿಟ್ಟು ಹೈಡ್ರೋಜನ್ ಹೊರಡಿಸುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಆದರೆ ಆಮ್ಲಜನಕದಂತಲ್ಲದೆ ಹೈಡ್ರೋಜನನ್ನು 700 ಡಿಗ್ರಿಯ ಹತ್ತಿರದ ನಿರ್ವಾತ ಕುಲುಮೆಯಲ್ಲಿ ಹೊರಗೆಳೆಯಲು ಸಾಧ್ಯವಿದೆ. ಆದ್ದರಿಂದ ಇಂಥ ಭಾಗವನ್ನು ಎಸೆಯುವ ಮೊದಲು ಯೋಚಿಸಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೈಡ್ರೋಫ್ಲೋರಿಕ್ ಆಮ್ಲ ಚರ್ಮಕ್ಕೆ ತಗುಲಿದ ಕೂಡಲೇ ಉರಿಯದೇ ಇರಬಹುದು, ಆದರೆ ಆಳಕ್ಕಿಳಿದು ದೇಹದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿ ಪ್ರಾಣಕ್ಕೇ ಕುತ್ತು ತರುತ್ತದೆ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಲ್ಲಿ ಇಲ್ಲದ ಕಡೆ, ಪರೀಕ್ಷೆಗಾಗಿ ಒಂದು ಹನಿಯನ್ನು ಬಳಸುವುದಿದ್ದರೂ, ಆ ಬಾಟಲಿಯನ್ನು ತೆರೆಯಬಾರದು.

ತೊಳೆಯುವ ದ್ರಾವಕದ ಬಗ್ಗೆಯೂ ಕೇಳಬೇಕು. 1966ರಲ್ಲಿ ಅಪೊಲೊ ಯೋಜನೆಯ ಟೈಟಾನಿಯಂ ತೊಟ್ಟಿಯೊಂದು ಮೆಥನಾಲ್ ತುಂಬಿ ಒತ್ತಡ ಪರೀಕ್ಷೆ ಮಾಡುವಾಗ ಒಡೆಯಿತು; ನೀರಿನಂಶವಿಲ್ಲದ ಮೆಥನಾಲ್ ಒತ್ತಡದಲ್ಲಿರುವ ಟೈಟಾನಿಯಂ ಅನ್ನು ಬಿರುಕು ಬಿಡಿಸುತ್ತದೆ ಎಂಬುದಕ್ಕೆ ಅದು ದೊಡ್ಡ ಸಾಕ್ಷಿಯಾಯಿತು. ಕ್ಲೋರಿನ್ ಇರುವ ದ್ರಾವಕದ ಶೇಷವನ್ನು ಉಳಿಸಿಕೊಂಡು ಕುಲುಮೆಗೆ ಹೋದ ಭಾಗಕ್ಕೂ ಅಂಥದೇ ಅಪಾಯವಿದೆ.

ಬಿರುಕು ಬಿಟ್ಟು ಮುರಿದರೆ

ಮುರಿದ ಮುಖದಲ್ಲಿ ಬಿರುಕು ಹುಟ್ಟಿದ ಬಿಂದುವನ್ನು ಮೊದಲು ಗುರುತಿಸಬೇಕು. ಅದು ಮೇಲ್ಮೈಯಲ್ಲೇ ಇದ್ದರೆ ಅಲ್ಲಿ ಲೇಪನ ಸೀಳಿತ್ತೇ ಎಂದು ನೋಡಬೇಕು, ಏಕೆಂದರೆ ಗಡಸು ಪದರದ ಬಿರುಕು ಲೋಹದೊಳಕ್ಕೆ ದಾರಿ ತೋರುತ್ತದೆ. ನೈಟ್ರೈಡಿಂಗ್ ಸವೆತವನ್ನು ತಡೆದರೂ ಫಟೀಗ್ ತಾಳಿಕೆಯನ್ನು ಸಾಮಾನ್ಯವಾಗಿ ಕುಗ್ಗಿಸುತ್ತದೆ ಎಂಬುದನ್ನು ವಿನ್ಯಾಸಕಾರರೇ ಮರೆಯುವುದುಂಟು. ಶಾಟ್ ಪೀನಿಂಗ್ ಮಾಡಿದ್ದರೂ ಮುರಿದಿದೆ ಎಂದಾದರೆ ಅದನ್ನು ಯಾವ ಹಂತದಲ್ಲಿ ಮಾಡಿದರು ಎಂದು ಕೇಳಬೇಕು. ಸಣ್ಣ ಗುಂಡುಗಳ ಹೊಡೆತದಿಂದ ಮೇಲ್ಮೈಯಲ್ಲಿ ತುಂಬಿದ, ಬಿರುಕನ್ನು ಅದುಮಿಡುವ ಒತ್ತಡ ನೈಟ್ರೈಡಿಂಗ್‌ನ ಬಿಸಿಯಲ್ಲಿ ಸಂಪೂರ್ಣ ಸಡಿಲಗೊಳ್ಳುತ್ತದೆ; ಹಾಗಾಗಿ ಪೀನಿಂಗ್ ಮೊದಲು, ಕುಲುಮೆ ಆಮೇಲೆ ಎಂಬ ಕ್ರಮದಲ್ಲಿ ಪೀನಿಂಗ್ ಮಾಡಿದ್ದೂ ಮಾಡದಿದ್ದೂ ಒಂದೇ. ಹೊಡೆತದ ತೀವ್ರತೆಯನ್ನು ಆಲ್ಮೆನ್ ಪಟ್ಟಿಯ (ಅದೇ ಹೊಡೆತಕ್ಕೆ ಒಡ್ಡುವ ತೆಳು ಉಕ್ಕಿನ ಪಟ್ಟಿ) ಬಾಗುವಿಕೆಯಿಂದ ಅಳೆದ ದಾಖಲೆ ಇದೆಯೇ, ಸಮಯವನ್ನು ಇಮ್ಮಡಿಸಿದಾಗ ಬಾಗು ಶೇ. 10ಕ್ಕಿಂತ ಹೆಚ್ಚು ಏರದ ಬಿಂದುವನ್ನು ಮುಟ್ಟಿದ್ದರೇ ಎಂದೂ ನೋಡಬೇಕು. ಉಕ್ಕಿನ ಗುಂಡು ಬಳಸಿದ್ದರೆ ಟೈಟಾನಿಯಂ ಮೇಲೆ ಕಬ್ಬಿಣದ ಕಣ ಉಳಿದು ತುಕ್ಕಿನ ಚುಕ್ಕೆಗಳಾಗುತ್ತವೆ, ಅವನ್ನು ನೈಟ್ರಿಕ್ ಆಮ್ಲದಲ್ಲಿ ತೊಳೆದು ತೆಗೆಯಬೇಕು.

ಬಿರುಕು ರಂಧ್ರದ ಗೋಡೆಯಿಂದ ಹುಟ್ಟಿದ್ದರೆ ಕೊರೆಯುವಾಗಿನ ಬಿಸಿಯನ್ನು ಶಂಕಿಸಬೇಕು. ಟೈಟಾನಿಯಂ ಬಿಸಿಯನ್ನು ಬಹಳ ನಿಧಾನವಾಗಿ ಸಾಗಿಸುವ ಲೋಹ. ಮೊಂಡಾದ ಕೊರೆಯುಳಿಯ ತುದಿಯಲ್ಲಿ ಹುಟ್ಟಿದ ಬಿಸಿ ಅಲ್ಲಿಯೇ ನಿಂತು ರಂಧ್ರದ ಗೋಡೆಯನ್ನು ಗಡಸು ಮಾಡಿಬಿಡುತ್ತದೆ. 1996ರ ಜುಲೈ 6ರಂದು ಅಮೆರಿಕದ ಪೆನ್ಸಕೋಲಾದಲ್ಲಿ ಹಾರಲು ಓಡುತ್ತಿದ್ದ ವಿಮಾನದ ಎಂಜಿನ್ನಿನ ಟೈಟಾನಿಯಂ ಫ್ಯಾನ್ ಹಬ್ (ರೆಕ್ಕೆಗಳನ್ನು ಹಿಡಿದಿಡುವ ನಡುಭಾಗ) ಸಿಡಿದು ಇಬ್ಬರು ಪ್ರಯಾಣಿಕರು ತೀರಿಕೊಂಡರು. ಬಿರುಕು ಹುಟ್ಟಿದ್ದು ತಯಾರಿಕೆಯ ವೇಳೆ ಕೊರೆದ ರಂಧ್ರವೊಂದರ ಗೋಡೆಯಲ್ಲಿ ಹೀಗೆ ಕೆಟ್ಟಿದ್ದ ಲೋಹದಿಂದ. ಇಂಥ ಕಲೆಯನ್ನು ಹಿಡಿಯುವುದಕ್ಕಾಗಿಯೇ ಭಾಗವನ್ನು ಆನೋಡೈಸ್ ಮಾಡಿ ನೀಲಿಯ ಛಾಯಾಭೇದ ನೋಡುವ ಪರಿಶೀಲನಾ ವಿಧಾನವಿದೆ. ಹೀಗೆ ಕೆಟ್ಟ ಗೋಡೆಯ ಮೇಲೆ ಯಾವ ಲೇಪನ ಹಾಕಿದರೂ ಅದು ದೋಷವನ್ನು ಕಣ್ಣಿನಿಂದ ಮರೆಮಾಡುತ್ತದೆಯೇ ವಿನಾ ಗುಣಪಡಿಸುವುದಿಲ್ಲ.

ಮರುಲೇಪನಕ್ಕೆ ಮುನ್ನ

ಕಾರಣ ಗೊತ್ತಾದ ಮೇಲೂ ಹಳೆಯ ಲೇಪನ ತೆಗೆಯುವುದು ಸುಲಭವಲ್ಲ. ಟೈಟಾನಿಯಂ ನೈಟ್ರೈಡ್ ಮತ್ತು ತಳದ ಲೋಹ ಎರಡರಲ್ಲಿಯೂ ಟೈಟಾನಿಯಂ ಇರುವುದರಿಂದ, ಉಕ್ಕಿನ ಉಪಕರಣಗಳ ಲೇಪನ ತೆಗೆಯಲು ಬಳಸುವ ಹೈಡ್ರೋಜನ್ ಪೆರಾಕ್ಸೈಡ್ ಆಧಾರಿತ ದ್ರಾವಣ ಇಲ್ಲಿ ತಳವನ್ನೂ ತಿನ್ನುತ್ತದೆ. ಅಳತೆಯಲ್ಲಿ ಎಷ್ಟು ಕಳೆದುಕೊಳ್ಳಬಹುದು ಎಂದು ಮೊದಲೇ ನಿರ್ಧರಿಸಿ, ಹಾಳಾದ ಒಂದು ಭಾಗದ ಮೇಲೆ ಪ್ರಯತ್ನಿಸಿಯೇ ಮುಂದುವರಿಯಬೇಕು. ಕೆರೆದು ಅಥವಾ ಸಾಣೆ ಹಿಡಿದು ತೆಗೆಯುವುದಾದರೆ ಟೈಟಾನಿಯಂನ ನುಣ್ಣನೆಯ ಪುಡಿ ಹೊತ್ತಿಕೊಳ್ಳಬಲ್ಲದು ಎಂಬುದನ್ನು ಮರೆಯಬಾರದು, ಆ ಬೆಂಕಿಗೆ ನೀರು ಹಾಕಬಾರದು. ಲೋಹದ ಬೆಂಕಿಗೆಂದೇ ಇರುವ ಒಣ ಪುಡಿಯನ್ನು ಬಳಸಬೇಕು.

ಅಂಟಿಕೆಯನ್ನು ಪರೀಕ್ಷಿಸಲು 150 ಕಿಲೋಗ್ರಾಂ ಭಾರದಲ್ಲಿ ರಾಕ್‌ವೆಲ್ ವಜ್ರದ ಮೊನೆ ಒತ್ತಿ, ಗುಳಿಯ ಸುತ್ತ ಎದ್ದ ಬಿರುಕು ಮತ್ತು ಚಕ್ಕೆಗಳನ್ನು ಆರು ದರ್ಜೆಗಳಲ್ಲಿ ಅಳೆಯುವ ವಿಧಾನ ಎಲ್ಲೆಡೆ ಬಳಕೆಯಲ್ಲಿದೆ. ಅದು ಗಡಸು ಉಕ್ಕಿಗಾಗಿ ರೂಪುಗೊಂಡದ್ದು. ಮೆದುವಾದ ಟೈಟಾನಿಯಂ ಮೇಲೆ ತಳವೇ ಉಬ್ಬಿ ಲೇಪನವನ್ನು ಬಿರುಕು ಬಿಡಿಸುವುದರಿಂದ, ಉಂಗುರದ ಬಿರುಕು ಕಂಡ ಮಾತ್ರಕ್ಕೆ ಅಂಟಿಕೆ ಕೆಟ್ಟಿದೆ ಎನ್ನಬಾರದು. ಲೋಹ ಕಾಣುವಂತೆ ಚಕ್ಕೆ ಎದ್ದಿದೆಯೇ ಎಂಬುದನ್ನೇ ನೋಡಬೇಕು.

ಭಾಗಗಳ ಮುಂದಿನ ಕಂತನ್ನು ಲೇಪನಕ್ಕೆ ಕಳುಹಿಸುವಾಗ ಅವುಗಳೊಂದಿಗೆ ಒಂದೇ ಸಲ ಕರಗಿಸಿದ ಲೋಹದ, ಅದೇ ಕುಲುಮೆ ಮತ್ತು ಅದೇ ಆಮ್ಲ ಸ್ನಾನವನ್ನು ದಾಟಿ ಬಂದ ಒಂದು ಸಣ್ಣ ತುಂಡನ್ನು ಭಾಗಗಳ ಜೊತೆಗೇ ಕಟ್ಟಿ ಕಳುಹಿಸಬೇಕು. ಲೇಪನವಾಗಿ ಬಂದ ದಿನವೇ ಆ ತುಂಡನ್ನು ಅಡ್ಡ ಕೊಯ್ದು ಬಿಳಿಯ ಪಟ್ಟಿ ಇದೆಯೇ ಎಂದು ನೋಡಿದ ಮೇಲಷ್ಟೇ ಉಳಿದವುಗಳನ್ನು ಯಂತ್ರಕ್ಕೆ ಜೋಡಿಸಬೇಕು.